ನೀಲಿ ಹೆಬ್ಬೆಟ್ಟು

ಮಾರ್ಚ್ ೩, ಸೋಮವಾರ

ಇವತ್ತಿನಿಂದ ಬರೆದಿಡುವುದೆಂದು ತೀರ್ಮಾನಿಸಿದ್ದೇನೆ. ಅಪ್ಪ ಎಂದೂ ಬರೆದವರಲ್ಲ. "ಅಳತೆ ಕೈಲಿರ್ಬೇಕು, ಕಾಗದದಲ್ಲಲ್ಲ" ಎನ್ನುತ್ತಿದ್ದರು. ಆದರೆ ಅವರ ಕಾಲದಲ್ಲಿ ವರ್ಕ್‌ಶಾಪಿನಲ್ಲಿ ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಇರಲಿಲ್ಲ. ನನಗೆ ಸಾಕ್ಷಿ ಬೇಕಾಗಿದೆ.

ವಿಷಯ ಇಷ್ಟು. ಹಿಂದಿನ ತಿಂಗಳು ಎರಡು ಕೆಲಸ ವಾಪಸ್ಸು ಬಂದವು. ಒಂದು ನೀರಿನ ಪಂಪಿನ ಎಂಜಿನ್, ಇನ್ನೊಂದು ಟ್ರ್ಯಾಕ್ಟರಿನದು. ಎರಡರಲ್ಲೂ ಸಿಲಿಂಡರಿನ ಅಳತೆ ತಪ್ಪಿತ್ತು. ಅಪ್ಪ ಬೋರಿಂಗ್ ಮಷಿನನ್ನು ನನ್ನ ಕೈಗೆ ಕೊಟ್ಟಾಗಿನಿಂದ ಹೀಗಾದದ್ದಿಲ್ಲ. ತಮ್ಮ ಆ ವಾರ ಮಾವನ ಮನೆಗೆ ಹೋಗಿದ್ದ. ಸವೆದ ಸಿಲಿಂಡರನ್ನು ಒಳಗಿನಿಂದ ಕೊಯ್ದು ಅಗಲಿಸುವುದು ನಾನು, ಆಮೇಲೆ ಕಲ್ಲಿನಿಂದ ಉಜ್ಜಿ ನಯಮಾಡುವ ಹೋನಿಂಗ್ ಅವನದು. ಆ ವಾರ ಎರಡನ್ನೂ ನಾನೇ ಮಾಡಿದ್ದೆ. ಅವನು ಬಳಸಿ ಸವೆಸಿಟ್ಟ ಕಲ್ಲುಗಳಲ್ಲಿ. ಕಲ್ಲು ಕೆಟ್ಟಿದ್ದರೆ ಅಳತೆ ಕೆಡುತ್ತದೆ. ಅವನು ಬಂದ ಮೇಲೆ ಇದನ್ನು ಹೇಳಿದೆ. ಮೂರು ಸಲ ಹೇಳಿದ ಮೇಲೆ ನನ್ನ ಕಡೆ ತಿರುಗಿ, "ಇರ್ಬಹುದು ಅಣ್ಣ" ಎಂದ. ಇರಬಹುದು! ತಪ್ಪು ಒಪ್ಪಿಕೊಳ್ಳುವವರ ಮಾತೇ ಅಲ್ಲ.

ಇವತ್ತು ಕ್ರೇನಕ್ಕನ ಲಾರಿಯ ಎಂಜಿನ್ ಬ್ಲಾಕ್ ಬಂತು. ಹಳ್ಳಕ್ಕೆ ಬಿದ್ದ ವಾಹನಗಳನ್ನು ಎತ್ತುವ ಲಾರಿ ಅವಳದು, ಓಡಿಸುವವಳೂ ಅವಳೇ. ಲಾರಿ ಅವಳಪ್ಪನ ಕಾಲದ್ದು. ಅದನ್ನು ಮಾಡಿದ ಕಂಪನಿ ಮುಚ್ಚಿಯೇ ಒಂದು ತಲೆಮಾರಾಯಿತು. ಕ್ರೇನನ್ನು ಆ ಚಾಸಿಗೇ ಬೆಸುಗೆ ಹಾಕಿ ಕೂರಿಸಿದ್ದಾರೆ, ಇನ್ನೊಂದು ಲಾರಿಗೆ ಕೂರುವುದಿಲ್ಲ.

"ಮೇಸ್ತ್ರಿ, ಇದು ನನಗಿಂತ ಹಿರಿದು, ನನಗಿಂತ ಬಾಯಿ ಜೋರು" ಎಂದಳು. "ಈಗ ಬರೀ ಹೊಗೆ. ಮುನಿಸಿಕೊಂಡ ಅತ್ತೆ ಥರ ಮೂಲೇಲಿ ಕೂತಿದೆ. ಎಬ್ಬಿಸ್ತೀರೋ, ಗುಜರಿಗೆ ಕೊಡ್ಲೋ?"

ಆರು ಸಿಲಿಂಡರಿನ ಎರಕದ ಬ್ಲಾಕ್. ಅಪ್ಪ ಒಮ್ಮೆ ಕೊಯ್ದಿದ್ದರು, ನಾನು ಒಮ್ಮೆ. ಇದು ಮೂರನೆಯದು ಮತ್ತು ಕೊನೆಯದು. ಇದಕ್ಕಿಂತ ದೊಡ್ಡ ಪಿಸ್ಟನ್ ಯಾರೂ ಮಾಡಲಿಲ್ಲ. ಈ ಆರನ್ನೂ ಅವಳು ಯಾವುದೋ ಹಳೆಯ ಅಂಗಡಿಯ ಅಟ್ಟದಿಂದ ಹುಡುಕಿ ತಂದಿದ್ದಾಳೆ. ತಪ್ಪಿದರೆ ಒಳಗೆ ಹೊಸ ಕೊಳವೆ ಕೂರಿಸಲು ಗೋಡೆಯಲ್ಲಿ ಅಷ್ಟು ಕಬ್ಬಿಣ ಉಳಿದಿಲ್ಲ. ಗೋಡೆಯ ಆಚೆ ನೀರು ಹರಿಯುವ ಜಾಗ. ಕೊಯ್ತ ಸರಿಬಂದರೆ ಲಾರಿ ಉಂಟು, ಇಲ್ಲದಿದ್ದರೆ ಇಲ್ಲ.

"ಬಿಟ್ಟು ಹೋಗಮ್ಮ" ಎಂದೆ.

ಮಾರ್ಚ್ ೪, ಮಂಗಳವಾರ

ಬ್ಲಾಕನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅಳೆದೆವು. ಅಳೆದೆವು ಎಂದರೆ ಅಳೆದೆ. ಕೊಯ್ತ ಮುಗಿಯುವತನಕ ಸಿಲಿಂಡರಿನೊಳಗೆ ಕೊಯ್ಯುವವನ ಕೈ ಮಾತ್ರ ಹೋಗಬೇಕು ಎಂಬುದು ಅಪ್ಪನ ಕಟ್ಟಳೆ. ಮುಗಿದ ಮೇಲೆ ಅವನು ಹೆಬ್ಬೆರಳನ್ನು ಗುರುತಿನ ನೀಲಿಯಲ್ಲಿ ಅದ್ದಿ ಸಿಲಿಂಡರಿನ ಪಕ್ಕ ಒತ್ತುತ್ತಾನೆ. ಆ ನೀಲಿ ಹೆಬ್ಬೆಟ್ಟು ಬಿದ್ದ ಮೇಲೆ ಮಾತಿಲ್ಲ. ಮೇಲೆ ಮುಚ್ಚಳದಂತೆ ಹೆಡ್ ಕೂತರೆ ಮುಂದೆ ಬಿಚ್ಚುವವರೆಗೂ ಯಾರಿಗೂ ಕಾಣುವುದಿಲ್ಲ. ಇವತ್ತು ತೊಳೆಯುವಾಗ ಮೂರನೇ ಸಿಲಿಂಡರಿನ ಬದಿ ಒಂದು ಮಸುಕು ನೀಲಿ ಸಿಕ್ಕಿತು. ನನ್ನದೋ ಅಪ್ಪನದೋ ತಿಳಿಯಲಿಲ್ಲ.

ಅಳತೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಎರಡು ಥೌ ವ್ಯತ್ಯಾಸ. (ಒಂದು ಥೌ ಎಂದರೆ ಇಂಚಿನ ಸಾವಿರ ಪಾಲಿನಲ್ಲಿ ಒಂದು ಪಾಲು. ಮುಂದೆ ಯಾರಾದರೂ ಓದಿದರೆ ತಿಳಿಯಲಿ ಎಂದು ಬರೆದೆ. ಸಾಕ್ಷಿ ಎಂದರೆ ಎಲ್ಲರಿಗೂ ಅರ್ಥವಾಗಬೇಕು.) ಶೀಟಿನ ಚಾವಣಿ ಕಾದರೆ ಬ್ಲಾಕೂ ಹಿಗ್ಗುತ್ತದೆ. ತಮ್ಮ ಗಮನಿಸುತ್ತಿದ್ದ.

"ಅಣ್ಣ, ನಾನೊಂದ್ಸಲ ನೋಡ್ಲಾ?"

"ಏನು ನೋಡ್ತೀಯೋ?"

"ಸುಮ್ನೆ."

"ಸುಮ್ನೆ ನೋಡೋಕೆ ಇದೇನು ಸಿನಿಮಾನಾ?"

ಹೋದ. ಸಂಜೆ ಮನೆಯಲ್ಲಿ ಇವಳು ಚಹಾ ಕೊಟ್ಟಳು. ಲೋಟ ಹಿಡಿದು ಕಿಟಕಿ ಬಳಿ ನಿಂತಿದ್ದೆ. "ರೀ, ಅದು ಈಗ ತಾನೇ ಕುದ್ದಿದ್ದು!" ಎಂದು ಚೀರಿ ಕಿತ್ತುಕೊಂಡಳು, ಕಿತ್ತುಕೊಂಡು ತಾನೇ ಬೆರಳು ಊದಿಕೊಂಡಳು. ಕಬ್ಬಿಣ ಹಿಡಿದ ಕೈ ಕಣೇ ಇದು, ನಿನ್ನ ಬಟ್ಟೆ ಹೊಲಿಯೋ ಕೈಯಲ್ಲ ಎಂದೆ. ನಗಲಿಲ್ಲ. ನನ್ನ ಅಂಗಿಗಳಿಗೆಲ್ಲ ಗುಂಡಿ ಕಿತ್ತು ಟಿಚ್ ಬಟನ್ ಹಾಕಿಟ್ಟಿದ್ದಾಳೆ. ಮಕ್ಕಳ ಅಂಗಿಗೆ ಹಾಕುತ್ತಾರಲ್ಲ, ಒತ್ತಿದರೆ ಕೂರುವಂಥದ್ದು. ಯಾಕೆಂದರೆ "ಈಗ ಅದೇ ಫ್ಯಾಷನ್" ಅಂತೆ. ಟೈಲರನ್ನು ಕಟ್ಟಿಕೊಂಡರೆ ಇದೇ ಪಾಡು.

ಮಾರ್ಚ್ ೬, ಗುರುವಾರ

ಒಂದನೇ ಸಿಲಿಂಡರ್ ಕೊಯ್ದೆ.

ಕೊಯ್ಯುವ ಟೂಲ್ ಹೊತ್ತ ಬೋರಿಂಗ್ ಬಾರನ್ನು ನಡುಮಧ್ಯಕ್ಕೆ ನಿಲ್ಲಿಸಲು ಅರ್ಧ ದಿನ ಹೋಯಿತು. ಹಳೆಯ ಸಿಲಿಂಡರ್ ಮೇಲುಗಡೆ ಒಂದು ಪಕ್ಕಕ್ಕೆ ಸವೆದಿರುತ್ತದೆ. ಸವೆದ ಜಾಗ ನಂಬಿ ನಿಲ್ಲಿಸಿದರೆ ಕೆಟ್ಟಿತು. ತಳದಲ್ಲಿ ಪಿಸ್ಟನ್ ತಲುಪದ ಜಾಗವಿದೆ, ಅದನ್ನು ನಂಬಬೇಕು. ಆಮೇಲೆ ಸ್ವಲ್ಪ ಕೊಯ್ಯುವುದು, ಒಳಮೈಕ್ರೋಮೀಟರಿನಿಂದ ಅಳೆಯುವುದು, ಇನ್ನೆಷ್ಟು ಉಳಿದಿದೆಯೋ ಅಷ್ಟಕ್ಕೆ ಟೂಲನ್ನು ಮುಂದಕ್ಕೆ ಕೊಡುವುದು. ಮೈಕ್ರೋಮೀಟರಿನ ಎರಡು ತುದಿ ಗೋಡೆಗೆ ತಾಗಿದ್ದು ಬೆರಳಿಗೆ ಗೊತ್ತಾಗಬೇಕು. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ, ಎನ್ನುತ್ತಿದ್ದರು ಅಪ್ಪ.

ಕೊಯ್ತದ ಸದ್ದು ಚೆನ್ನಾಗಿತ್ತು. ಹಳೆಯ ಎರಕಕ್ಕೆ ಒಂದು ಗಂಟಲಿದೆ. ಮೊದಲು ಜಿಡ್ಡಿನ ಕರಕರ, ಆಮೇಲೆ ಒಂದೇ ಶ್ರುತಿ. ಹೆಬ್ಬೆಟ್ಟು ಒತ್ತಿದೆ.

ಮನೆ ತಲುಪಿದಾಗ ಇವಳು ನನ್ನ ಕಾಲು ನೋಡಿದಳು. "ಇನ್ನೊಂದು ಚಪ್ಪಲಿ ಎಲ್ಲಿ?" ಬಲಗಾಲಲ್ಲಿ ಇರಲಿಲ್ಲ. ಅಷ್ಟರಲ್ಲಿ ಬೀದಿಯ ತರಕಾರಿಯವನು ಅದನ್ನು ಹಿಡಿದುಕೊಂಡು ಬಂದ. "ಮೇಸ್ತ್ರಿ, ತಿರುವಿನಿಂದ ಕೂಗ್ತಾ ಇದ್ದೀನಿ. ಯಾವ ಲೋಕದಲ್ಲಿದ್ರಿ? ಪಾದುಕೆ ಬಿಟ್ಟು ಹೋದ್ರೆ ನಾವು ಪೂಜೆ ಮಾಡ್ಕೊಂಡಿರೋಣ ಅಂತಾನಾ?" ಚಪ್ಪಲಿಯ ಪಟ್ಟಿ ಸಡಿಲವಾಗಿದೆ. ಹೊಸದು ತರಬೇಕು.

ಮಾರ್ಚ್ ೭, ಶುಕ್ರವಾರ

ಬೆಳಿಗ್ಗೆ ಒಂದನೇ ಸಿಲಿಂಡರನ್ನು ಮತ್ತೆ ಅಳೆದೆ. ನಿನ್ನೆಯದಕ್ಕೂ ಇವತ್ತಿನದಕ್ಕೂ ಮೂರು ಥೌ ವ್ಯತ್ಯಾಸ. ಬೆಳಗಿನ ತಂಪಿನಲ್ಲಿ ಚಾವಣಿಯ ನೆಪ ಹೇಳುವಂತಿಲ್ಲ. ಮೈಕ್ರೋಮೀಟರಿನ ಪೆಟ್ಟಿಗೆ ನಾನಿಟ್ಟ ಕಡೆಗೆ ಬಾಯಿ ಮಾಡಿರಲಿಲ್ಲ. ಯಾರೋ ಮುಟ್ಟಿದ್ದಾರೆ. ಇರುವವರು ಇಬ್ಬರು.

ಎರಡನೇ ಸಿಲಿಂಡರ್ ಕೊಯ್ದೆ. ಹೆಬ್ಬೆಟ್ಟು ಒತ್ತಿದೆ. ಸಂಜೆ ಇವಳ ಹೊಲಿಗೆ ಮೇಜಿನಿಂದ ಒಂದು ಉಂಡೆ ಕಪ್ಪು ದಾರ ತೆಗೆದುಕೊಂಡು ವರ್ಕ್‌ಶಾಪಿಗೆ ವಾಪಸ್ಸು ಹೋದೆ. ಪೆಟ್ಟಿಗೆಯ ಮುಚ್ಚಳಕ್ಕೆ ಅಡ್ಡಲಾಗಿ ಒಂದೆಳೆ ಕಟ್ಟಿಟ್ಟೆ. ಗಂಟು ಹಾಕುವುದರಲ್ಲಿ ಸಾಕುಸಾಕಾಯಿತು; ದಾರ ಬೆರಳಿಗೆ ಸಿಗಲೇ ಇಲ್ಲ. ಈಗಿನ ದಾರಗಳು ಬಹಳ ಸಣ್ಣ.

ಮಾರ್ಚ್ ೧೦, ಸೋಮವಾರ

ದಾರ ತುಂಡಾಗಿದೆ.

ಮಾರ್ಚ್ ೧೨, ಬುಧವಾರ

ನಿನ್ನೆಯೂ ಕಟ್ಟಿದ್ದೆ, ಇವತ್ತೂ ತುಂಡು. ಇನ್ನು ಸುಮ್ಮನಿರುವುದು ಹೇಗೆ? ತಮ್ಮ ಕ್ರ್ಯಾಂಕ್ ಗ್ರೈಂಡರ್ ಮುಂದೆ ಬೆನ್ನು ಮಾಡಿ ನಿಂತಿದ್ದ. ಕರೆದೆ, ತಿರುಗಲಿಲ್ಲ. ಯಾವಾಗಲೂ ಹಾಗೇ. ಹೋಗಿ ಭುಜ ಹಿಡಿದು ತಿರುಗಿಸಿ ತುಂಡು ದಾರ ತೋರಿಸಿದೆ.

"ಇದೇನು?"

"ದಾರ."

"ನನ್ನ ಪೆಟ್ಟಿಗೆ ಯಾಕೆ ತೆಗೀತೀಯ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಮುಟ್ಟಿಕೊಳ್ಳಲಿಲ್ಲ. ಗ್ರೈಂಡರ್ ಆಫ್ ಮಾಡಿದ. ಕೈ ಒರೆಸಿಕೊಂಡ.

"ನೀನು ಬರೋ ಮುಂಚೆ ಬಂದು ಅಳೀತೀನಿ. ಬಹಳ ದಿನದಿಂದ. ಹೋನಿಂಗ್ ಮಾಡುವಾಗ ಸರಿ ಮಾಡ್ಕೋತೀನಿ."

"ಏನನ್ನ ಸರಿ ಮಾಡ್ತೀಯ?"

ಅವನು ನನ್ನ ಕೈ ನೋಡುತ್ತಿದ್ದ, ಮುಖ ನೋಡಲಿಲ್ಲ.

"ಅಪ್ಪನ ಮಷಿನ್ ಮೇಲೆ ಕಣ್ಣು ನಿಂಗೆ" ಎಂದೆ. "ಅಪ್ಪ ನಿನ್ನನ್ನ ಕಲ್ಲು ಉಜ್ಜೋಕೆ ಹಾಕಿದ್ದು ಯಾಕೆ ಗೊತ್ತಾ? ನಿನ್ನ ಕೈ ಮಂದ ಅಂತ."

ಅವನು ಗೋಡೆಗೆ ನೇತುಹಾಕಿದ್ದ ತನ್ನ ಅಂಗಿ ತೆಗೆದುಕೊಂಡ. "ಸರಿ ಅಣ್ಣ. ಮಂದ." ಹೊರಟ.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಅಪ್ಪ ಹಾಗೆ ಒಮ್ಮೆ ಹೇಳಿದ್ದರು. ಅವನಿಗಾಗ ಹದಿನಾಲ್ಕು ವರ್ಷವಿರಬೇಕು.

ಮಾರ್ಚ್ ೧೩, ಗುರುವಾರ

ತಮ್ಮ ಬರಲಿಲ್ಲ. ಒಳ್ಳೆಯದೇ, ನೆಮ್ಮದಿಯಾಗಿ ಕೆಲಸವಾಗುತ್ತದೆ ಎಂದುಕೊಂಡು ಮೂರನ್ನೂ ನಾಲ್ಕನ್ನೂ ಒಂದೇ ದಿನ ಕೊಯ್ದೆ. ಎರಡಕ್ಕೂ ಹೆಬ್ಬೆಟ್ಟು ಒತ್ತಿದೆ.

ಆಮೇಲೆ ಬ್ಲಾಕಿನ ಮೇಲೆ ಕೆಂಪು ಕಂಡಿತು. ನೀಲಿ ಪಕ್ಕ ಕೆಂಪು ಹೇಗೆ ಬಂತು ಎಂದು ನೋಡಿದರೆ ರಕ್ತ. ಎಡ ಅಂಗೈಯಲ್ಲಿ ಕಬ್ಬಿಣದ ಚೂರು ಹೊಕ್ಕು ಉದ್ದಕ್ಕೆ ಸೀಳಿತ್ತು. ಎಷ್ಟು ಹೊತ್ತಿನಿಂದ ಸುರಿಯುತ್ತಿತ್ತೋ. ಬಟ್ಟೆ ಸುತ್ತಿಕೊಂಡೆ.

ಬ್ಲಾಕಿನಲ್ಲಿ ಇಳಿಬಿಟ್ಟು ನೋಡೋಣವೆಂದು ಪಿಸ್ಟನ್‌ಗಳನ್ನು ತೆಗೆದೆ. ಇದು ಅಪ್ಪ ಮಾಡುತ್ತಿದ್ದ ಪರೀಕ್ಷೆ. ಬರೀ ಕೊಯ್ತ ಮುಗಿದ, ಹೋನಿಂಗ್ ಆಗದ ಸಿಲಿಂಡರಿಗೆ ಪಿಸ್ಟನ್ ಬಿಗಿಯಾಗಿ, ಬೇಡಬೇಡವೆಂದುಕೊಂಡು ಇಳಿಯಬೇಕು. ಮೂರರಲ್ಲಿ ಬಾಯಿಗೇ ಕಚ್ಚಿಕೊಂಡು ನಿಂತಿತು. ತುಸು ಹೆಚ್ಚೇ ಬಿಗಿ; ಇರಲಿ, ಹೋನಿಂಗಿನಲ್ಲಿ ಸರಿಹೋಗುತ್ತದೆ. ನಾಲ್ಕಕ್ಕೆ ಇಟ್ಟೆ. ಕೈ ಬಿಟ್ಟ ಕೂಡಲೇ ಬಾವಿಗೆ ಬಿಟ್ಟ ಬಿಂದಿಗೆಯ ಹಾಗೆ ಹೋಯಿತು. ಕೆಳಗೆ ಇಟ್ಟಿದ್ದ ಗೋಣಿಯ ಮೇಲೆ ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ.

ನಾಲ್ಕು ಥೌ ಹೆಚ್ಚು ಕೊಯ್ದಿದ್ದೇನೆ. ಮೂರು ಸಲ ಅಳೆದೆ, ಮೂರು ಉತ್ತರ ಬಂತು. ಪಿಸ್ಟನ್ ಪಕ್ಕದಲ್ಲಿ ತೆಳು ತಗಡಿನ ಪಟ್ಟಿಗಳನ್ನು ಒಂದೊಂದಾಗಿ ತೂರಿಸಿ ನೋಡಿದಾಗಲೇ ನಾಲ್ಕು ಎಂದು ಖಚಿತವಾದದ್ದು. ಕೊಯ್ದ ಕಬ್ಬಿಣವನ್ನು ವಾಪಸ್ಸು ಅಂಟಿಸಲಾಗದು.

ಇವತ್ತು ಬಿಸಿಲು ಹೆಚ್ಚಿತ್ತು, ಬ್ಲಾಕ್ ಹಿಗ್ಗಿತ್ತು.

ಇಲ್ಲ. ಇದನ್ನು ಸಾಕ್ಷಿಗೆಂದು ಬರೆಯುತ್ತಿದ್ದೇನೆ. ಇವತ್ತು ಮೋಡ ಮುಚ್ಚಿತ್ತು. ವರ್ಕ್‌ಶಾಪಿನಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.

ಮಾರ್ಚ್ ೧೫, ಶನಿವಾರ

ಇವಳು ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಅಂಗೈಗೆ ಹೊಲಿಗೆ ಹಾಕಿಸಲು ಎಂದುಕೊಂಡಿದ್ದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಹೊಲಿಗೆ ಹಾಕಿದರು, ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. "ನೋವಾಗ್ಲಿಲ್ವಾ?" ಎಂದು ಕೇಳಿದರು. ಮರಗಟ್ಟುವ ಮದ್ದು ಹಾಕಿದ್ದೀರಲ್ಲ ಎಂದೆ. ಇನ್ನೂ ಹಾಕಿಯೇ ಇರಲಿಲ್ಲವಂತೆ, ಹಾಕಲು ಹೊರಟಾಗ ನಾನೇ ಬೇಡ, ಹೊಲಿಯಿರಿ ಎಂದೆನಂತೆ. ಇರಬಹುದು.

ಆಮೇಲೆ ಕುರ್ಚಿಯಲ್ಲಿ ಕೂರಿಸಿ ಚಪ್ಪಲಿ ಬಿಡಿಸಿದರು. "ಕಣ್ಣು ಮುಚ್ಚಿ. ನಾನು ಮುಟ್ಟಿದಾಗಲೆಲ್ಲಾ 'ಹೂಂ' ಅನ್ನಿ."

ಮುಚ್ಚಿದೆ. ಫ್ಯಾನಿನ ಬೇರಿಂಗ್ ಒಣಗಿತ್ತು, ಸುತ್ತಿಗೊಮ್ಮೆ ಕೀರ್ ಎನ್ನುತ್ತಿತ್ತು. ಹೊರಗೆ ಯಾರೋ ಔಷಧಿಯ ಚೀಟಿ ಓದಲಾಗದೆ ಜಗಳವಾಡುತ್ತಿದ್ದರು. ಬಹಳ ಹೊತ್ತು ಕಾದೆ.

"ಡಾಕ್ಟ್ರೇ, ಶುರು ಮಾಡಿ. ವರ್ಕ್‌ಶಾಪಿಗೆ ಹೋಗ್ಬೇಕು" ಎಂದೆ.

ಕಣ್ಣು ಬಿಟ್ಟೆ. ಇವಳು ಬಾಯಿಗೆ ಕೈ ಅಡ್ಡವಿಟ್ಟುಕೊಂಡಿದ್ದಳು. ಡಾಕ್ಟರ ಕೈಯಲ್ಲಿ ಒಂದು ನೈಲಾನ್ ಎಳೆ ಇತ್ತು. "ಮುಗೀತು" ಎಂದರು. "ಹತ್ತು ಬೆರಳೂ, ಎರಡು ಪಾದಾನೂ."

ಸಕ್ಕರೆ ಕಾಯಿಲೆ. ಹೊಸದಲ್ಲ, ವರ್ಷಗಳಿಂದ ಇರಬೇಕು, ನರಗಳನ್ನು ತಿಂದಿದೆ. ಕಾಲಿನಿಂದ ಶುರುವಾಗಿ ಕೈಗೆ ಬರುತ್ತದಂತೆ.

"ವಾಪಸ್ಸು ಬರುತ್ತಾ?"

"ಇರೋದನ್ನ ಉಳಿಸ್ಕೊಬಹುದು. ಹೋಗಿದ್ದು ಬರೋದು ಕಷ್ಟ."

ಬ್ಲಾಕ್ ತಂದವರಿಗೆ ನಾನು ಹೇಳುವ ಮಾತೂ ಇದೇ.

ದಾರಿಯಲ್ಲಿ ಇವಳು ಹೇಳಿದಳು: ಟಿಚ್ ಬಟನ್ ಫ್ಯಾಷನ್ ಅಲ್ಲವಂತೆ. ಬೆಳಿಗ್ಗೆ ನಾನು ಕನ್ನಡಿ ಮುಂದೆ ಗುಂಡಿಯ ಜೊತೆ ಗುದ್ದಾಡುವುದನ್ನು ನೋಡಲಾಗದೆ ಹಾಕಿದಳಂತೆ. "ಮೈದುನ ಎಷ್ಟು ಸಲ ಮನೆಗೆ ಬಂದು ಹೇಳಿದ, ಅತ್ತಿಗೆ, ಅಣ್ಣನ್ನ ಡಾಕ್ಟರಿಗೆ ತೋರ್ಸಿ ಅಂತ. ನಿಮ್ಗೆ ಹೇಳೋ ಧೈರ್ಯ ಯಾರಿಗಿತ್ತು? ಹುಲಿ ಬೋನಿಗೆ ಕೈ ಹಾಕೋರ್ಯಾರು?"

ಐದು, ಆರು ಸಿಲಿಂಡರ್ ಬಾಕಿ ಇವೆ.

ಮಾರ್ಚ್ ೧೭, ಸೋಮವಾರ

ನಿನ್ನೆ ಎಲ್ಲಿಗೂ ಹೋಗಲಿಲ್ಲ. ಇವತ್ತು ಬೇಗ ಹೋದೆ. ಬಾಗಿಲು ತೆರೆದಿತ್ತು. ತಮ್ಮ ನಾಲ್ಕನೇ ಸಿಲಿಂಡರಿಗೆ ಬಗ್ಗಿದ್ದ. ನಾನು ಒಳಗೆ ಬಂದದ್ದು ಅವನಿಗೆ ತಿಳಿಯಲಿಲ್ಲ. ಎದುರಿಗೆ ಹೋಗಿ ನಿಂತ ಮೇಲೆ ತಲೆ ಎತ್ತಿದ.

"ಎಷ್ಟು?" ಎಂದೆ.

"ನಾಲ್ಕು ಜಾಸ್ತಿ."

"ಒಂದು, ಎರಡು, ಮೂರು?"

"ಒಂದು ಸರಿ ಇದೆ. ಎರಡು, ಮೂರು ಬಿಗಿ. ಅವು ಬಿಡು, ಉಜ್ಜಿದ್ರೆ ಬರುತ್ತೆ."

ಮುಂದೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಅದೆಲ್ಲ ಬಿಟ್ಟು ಸೀಮೆಎಣ್ಣೆಯ ಬಟ್ಟೆ ತೆಗೆದುಕೊಂಡು ನಾಲ್ಕರ ಪಕ್ಕದ ನೀಲಿ ಹೆಬ್ಬೆಟ್ಟನ್ನು ಒರೆಸಿದೆ. ಈ ವರ್ಕ್‌ಶಾಪಿನಲ್ಲಿ ಒತ್ತಿದ್ದನ್ನು ಯಾರೂ ಒರೆಸಿದ್ದಿಲ್ಲ. ತಮ್ಮ ನೋಡುತ್ತಾ ನಿಂತಿದ್ದ, ತಡೆಯಲಿಲ್ಲ.

"ಚಹಾ ಹೇಳ್ಲಾ?" ಎಂದ.

"ಹೇಳು. ಸಕ್ಕರೆ ಬೇಡ."

ಅವನಿಗೆ ಅರ್ಥವಾಯಿತು. "ಹೋಗಿದ್ಯಾ ಡಾಕ್ಟರ ಹತ್ರ?" ಎಂದು ಕೇಳಿದ. ತಲೆಯಾಡಿಸಿದೆ. ಅವನು ಚಹಾ ಹೇಳಲು ಹೋದವನು ಬಹಳ ಹೊತ್ತು ಬರಲಿಲ್ಲ.

ಮಧ್ಯಾಹ್ನ ಕ್ರೇನಕ್ಕನನ್ನು ಕರೆಸಿದೆ. ತಮ್ಮ ತಾನೇ ಹೇಳುತ್ತೇನೆಂದ, ಬೇಡವೆಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ನಾಲ್ಕನೆಯದು ಹೆಚ್ಚು ಕೊಯ್ದುಹೋಗಿದೆ, ತಪ್ಪು ನನ್ನದು, ಮಷಿನಿನದಲ್ಲ, ಬ್ಲಾಕಿನದೂ ಅಲ್ಲ. ಬೆರಳುಗಳ ವಿಷಯವನ್ನೂ ಹೇಳಿದೆ.

ಅವಳು ಬ್ಲಾಕಿನ ಅಂಚಿಗೆ ಕೈಯೂರಿ ಸಿಲಿಂಡರಿನೊಳಗೆ ನೋಡಿದಳು. ಅವಳಿಗೆ ಏನು ಕಾಣಬೇಕು? ಹೊಳೆಯುವ ಕಬ್ಬಿಣ.

"ಮೇಸ್ತ್ರಿ, ಬೆರಳಿಗೆ ಗೊತ್ತಾಗ್ತಿಲ್ಲ ಅಂತ ನಿಮ್ಗೆ ಗೊತ್ತಾಗ್ಲಿಲ್ವಾ?"

"ಇಲ್ಲ."

"ನಂಬೋದು ಹೇಗೆ?"

"ನನಗೂ ಅದೇ ಪ್ರಶ್ನೆಯಮ್ಮ."

ಬೈಯುತ್ತಾಳೆಂದು ಕಾದೆ. ಬೈದಳು. ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ; ನ್ಯಾಯವಾಗಿಯೇ ಇತ್ತು. ಈ ಲಾರಿ ನಿಂತರೆ ಅವಳ ಮನೆಯ ಒಲೆ ನಿಂತ ಹಾಗೆ. ಬೈದು ಮುಗಿಸಿ ಟೂಲ್ ಪೆಟ್ಟಿಗೆಯ ಮೇಲೆ ಕೂತಳು.

"ನೋಡಿ, ಹಳ್ಳಕ್ಕೆ ಬಿದ್ದೋರನ್ನ ಎತ್ತೋದು ನನ್ನ ಕೆಲಸ. ಹೋದ ಕೂಡ್ಲೇ ಎಲ್ರೂ ನನಗೆ ಹೇಗೆ ಬಿದ್ವಿ ಅಂತ ಕಥೆ ಹೇಳ್ತಾರೆ. ನಾನು ಕೇಳೋದು ಒಂದೇ. ಚಕ್ರ ತಿರುಗುತ್ತಾ ಇಲ್ವಾ? ಅದನ್ನ ಹೇಳಿ."

ತಮ್ಮನ ಕಡೆ ನೋಡಿದೆ. ಅವನು ಆರು ಪಿಸ್ಟನ್‌ಗಳನ್ನೂ ಸಾಲಾಗಿಟ್ಟು ಅಳೆದಿದ್ದ. ಅವೂ ಒಂದೇ ತಾಯಿಯ ಮಕ್ಕಳಂತೆ ಒಂದಕ್ಕೊಂದು ತುಸು ಬೇರೆ. ಎಲ್ಲಕ್ಕಿಂತ ದಪ್ಪನೆಯದನ್ನು ನಾಲ್ಕಕ್ಕೆ ಕೊಟ್ಟು, ಹೋನಿಂಗನ್ನು ಟೂಲಿನ ಗೀರು ಹೋಗುವಷ್ಟಕ್ಕೇ ನಿಲ್ಲಿಸಿದರೆ, ಪಿಸ್ಟನ್ನಿಗೂ ಗೋಡೆಗೂ ನಡುವೆ ಐದು ಥೌ ಇರಬೇಕಾದ ಸಂದು ಏಳಾಗುತ್ತದೆ ಎಂದ. ತಣ್ಣಗಿರುವಾಗ ಪಿಸ್ಟನ್ ಗೋಡೆಗೆ ಬಡಿಯುತ್ತದೆ, ಬಿಸಿಯಾದ ಮೇಲೆ ಹಿಗ್ಗಿ ಕೂರುತ್ತದೆ.

"ತಿರುಗುತ್ತೆ" ಎಂದೆ. "ಸದ್ದು ಮಾಡುತ್ತೆ. ಆದ್ರೆ ಇನ್ನೆರಡು ಬಾಕಿ ಇದೆ. ಅವು ಕೆಟ್ರೆ ತಿರುಗಲ್ಲ."

"ಅವನ್ನ ಯಾರು ಕೊಯ್ತಾರೆ?"

ತಮ್ಮ ತಕ್ಷಣ ಹೇಳಿದ: "ಅಣ್ಣ ಕೊಯ್ತಾನೆ. ನಾನು ಅಳೀತೀನಿ."

ಹಾಗೆ ಹೇಳೆಂದು ನಾನು ಅವನನ್ನು ಕೇಳಿಕೊಂಡಿರಲೇ ಇಲ್ಲ.

ಮಾರ್ಚ್ ೨೦, ಗುರುವಾರ

ಐದನೆಯದು ಮುಗಿಯಿತು.

ಅಂಗೈಯ ಹೊಲಿಗೆಗೆ ಎಣ್ಣೆ ತಾಗದಂತೆ ಇವಳು ಒಂದು ಚೀಲ ಹೊಲಿದುಕೊಟ್ಟಿದ್ದಾಳೆ. ಟೂಲನ್ನು ಒಂದು ಹೆಜ್ಜೆ ಮುಂದಕ್ಕೆ ಕೊಡುವುದು ನಾನು, ಮೈಕ್ರೋಮೀಟರ್ ಹಿಡಿಯುವುದು ಅವನು. ಮೊದಮೊದಲು ಅವನು ಅಳೆದು ಹೇಳಿದ್ದನ್ನು ನಂಬಲಾಗದೆ ಕೈ ಅದರತ್ತ ಹೋಗುತ್ತಿತ್ತು. ಎರಡು ಸಲ ಕೊಟ್ಟ. ಮೂರನೆಯ ಸಲ, "ಏನು ನೋಡ್ತೀಯೋ ಅಣ್ಣ, ಸಿನಿಮಾನಾ?" ಎಂದ. ನಗು ಬಂತು. ಅವನು ಮೈಕ್ರೋಮೀಟರ್ ತಿರುಗಿಸುವಾಗ ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಾನೆ. ಅಪ್ಪನೂ ಹಾಗೆ ಮಾಡುತ್ತಿದ್ದರು. ಇದನ್ನು ಇಷ್ಟು ವರ್ಷ ನೋಡಿರಲಿಲ್ಲ.

ಮಾರ್ಚ್ ೨೧, ಶುಕ್ರವಾರ

ಆರನೆಯದರ ಕೊಯ್ತ ಅರ್ಧಕ್ಕೆ ಬಂದಾಗ ಸದ್ದು ಬದಲಾಯಿತು. ಒಂದೇ ಶ್ರುತಿಯಲ್ಲಿ ಹೋಗುತ್ತಿದ್ದದ್ದು ಸುತ್ತಿಗೊಮ್ಮೆ ಟೊಳ್ಳಾಗಿ ಕೇಳತೊಡಗಿತು, ಹದವಾಗಿ ಬೆಂದಿರದ ಮಡಕೆಯನ್ನು ತಟ್ಟಿದ ಹಾಗೆ. ಮಷಿನ್ ನಿಲ್ಲಿಸಿದೆ.

"ಯಾಕೆ?" ಎಂದ ತಮ್ಮ.

"ಕೇಳಿಸ್ಲಿಲ್ವಾ?"

"ಏನು?"

ಹೊರಗಿನ ನೀರಿನ ತೂತಿನಿಂದ ತಂತಿ ಇಳಿಸಿ ನೋಡಿದೆವು. ನೀರಿನ ಬದಿಯಲ್ಲಿ ಗೋಡೆಗೆ ತುಕ್ಕು ತಿಂದ ಗುಳಿ. ಉಳಿದ ಕಡೆಗಿಂತ ಅಲ್ಲಿ ಅರ್ಧ ದಪ್ಪವೂ ಇಲ್ಲ. ಅದೇ ಭಾರಕ್ಕೆ ಕೊಯ್ದಿದ್ದರೆ ಟೂಲ್ ಒತ್ತಿ ಆಚೆ ಹೋಗುತ್ತಿತ್ತು. ಉಳಿದದ್ದನ್ನು ಅರ್ಧರ್ಧ ಥೌ ಹಾಗೆ ತೆಗೆದೆವು. ಇಡೀ ದಿನ ಹಿಡಿಯಿತು. ನಾನು ಕಣ್ಣು ಮುಚ್ಚಿ ನಿಂತಿದ್ದೆ. ಟೊಳ್ಳು ಹೆಚ್ಚಾದಾಗ ಕೈ ಎತ್ತಿದೆ, ಅವನು ನಿಲ್ಲಿಸಿದ. ಗೋಡೆ ನಿಂತಿತು.

ಊಟದ ಹೊತ್ತಿಗೆ ತಮ್ಮ ಹೇಳಿದ, "ಅಣ್ಣ, ಎಡಗಿವಿ ನಂಗೆ ಯಾವತ್ತೋ ಹೋಗಿದೆ. ಬಲಗಿವೀಲೂ ಅರ್ಧ. ಗ್ರೈಂಡರ್ ಪಕ್ಕ ನಿಂತೂ ನಿಂತೂ."

"ಹೇಳ್ಬಾರದಾಗಿತ್ತೇನೋ?"

"ನೀನು ಹೇಳಿದ್ಯಾ?"

ನನಗೆ ಗೊತ್ತೇ ಇರಲಿಲ್ಲವಲ್ಲೋ ಎಂದೆ. ಅವನಿಗೆ ಅದು ಕೇಳಿಸಿತೋ ಇಲ್ಲವೋ.

ಸಂಜೆ ಕೊಯ್ತ ಮುಗಿದ ಮೇಲೆ ನೀಲಿಯ ಡಬ್ಬಿ ತೆರೆದು ಅವನ ಮುಂದೆ ಹಿಡಿದೆ. ಅವನು ತಲೆಯಾಡಿಸಿದ. "ಕೊಯ್ದಿದ್ದು ನೀನು."

"ಅಳೆದಿದ್ದು ನೀನು."

ಐದಕ್ಕೂ ಆರಕ್ಕೂ ಒಂದೊಂದರ ಪಕ್ಕ ಎರಡೆರಡು ಹೆಬ್ಬೆಟ್ಟು ಬಿದ್ದಿವೆ. ನನ್ನದು ಕಬ್ಬಿಣಕ್ಕೆ ತಾಗಿದ್ದು ಬೆರಳಿಗೆ ತಿಳಿಯಲಿಲ್ಲ. ಎತ್ತಿ ನೋಡಿದೆ, ಬಿದ್ದಿತ್ತು.

ಮಾರ್ಚ್ ೨೪, ಸೋಮವಾರ

ಹೋನಿಂಗ್. ಅವನ ಕೆಲಸ, ನಾನು ಎಣ್ಣೆ ಹೊಯ್ಯುತ್ತಿದ್ದೆ. ಕಲ್ಲುಗಳು ಚೆನ್ನಾಗಿಯೇ ಇವೆ. ಮೂರನೇ ತಾರೀಖಿನಂದು ಬರೆದದ್ದು ತಪ್ಪು.

ನಾಲ್ಕರ ಪಕ್ಕ ಹೆಬ್ಬೆಟ್ಟು ಇಲ್ಲದೆ ಹೆಡ್ ಕೂರಿಸುವುದು ಹೇಗೆ ಎಂದು ತಮ್ಮ ಕೇಳಿದ. ಖಾಲಿ ಇರಲಿ ಎಂದೆ. ಮುಂದೆ ಬಿಚ್ಚುವವರಿಗೆ ಅಲ್ಲೇನೋ ಇದೆ ಎಂದು ತಿಳಿಯಲಿ.

ಮಾರ್ಚ್ ೨೮, ಶುಕ್ರವಾರ

ಎಂಜಿನ್ ಲಾರಿಯೊಳಗೆ ಕೂತಿತು. ಕ್ರೇನಕ್ಕ ಬಾಗಿಲು ತೆರೆದು ಹತ್ತಿದಳು, ಇಳಿದಳು, ಚಕ್ರಕ್ಕೊಂದು ಸಲ ಒದ್ದಳು, ಮತ್ತೆ ಹತ್ತಿದಳು. ಮೂರು ಸಲ ತಿರುಗಿಸಿದ ಮೇಲೆ ಹಿಡಿಯಿತು. ಮೊದಲು ಹೊಗೆ, ಆಮೇಲೆ ಸದ್ದು. ಐದು ಸಿಲಿಂಡರ್ ಮಾತಾಡುತ್ತಿದ್ದವು. ನಾಲ್ಕನೆಯದು ಕುಟ್ಟುತ್ತಿತ್ತು. ಟಕ್, ಟಕ್, ಟಕ್.

ಅವಳು ಕಿಟಕಿಯಿಂದ ತಲೆ ಹಾಕಿದಳು. "ಇದು ಯಾರ ಸದ್ದು?"

"ನಂದು" ಎಂದೆ.

"ಜೋರಾಗಿದೆ ಕಣ್ರೀ ಮೇಸ್ತ್ರಿ! ಊರಿಗೆಲ್ಲಾ ಕೇಳುತ್ತೆ."

"ಕೇಳ್ಲಿ ಬಿಡಮ್ಮ."

ನೀರು ಕಾಯುವವರೆಗೂ ಮೂವರೂ ನಿಂತಿದ್ದೆವು. ಟಕ್ ಎನ್ನುವುದು ಮೆಲ್ಲಗಾಯಿತು, ಆಮೇಲೆ ಎಲ್ಲೋ ಒಂದು ಕಡೆ ಇಲ್ಲವಾಯಿತು. ಕ್ರೇನಕ್ಕ ನಗಲಿಲ್ಲ. ಗೇರ್ ಹಾಕಿ ಹೊರಟಳು.

ಏಪ್ರಿಲ್ ೫, ಶನಿವಾರ

ಬಹಳ ದಿನ ಬರೆಯಲಿಲ್ಲ. ಕೆಲಸವಿತ್ತು. ಒಂದು ಟ್ರ್ಯಾಕ್ಟರ್ ಬ್ಲಾಕ್ ಬಂತು, ಅದೇ ರೀತಿ ಮಾಡಿದೆವು. ಒಂದೊಂದಕ್ಕೆ ಎರಡೆರಡು ಹೆಬ್ಬೆಟ್ಟು. ಗಿರಾಕಿ, "ಇದೇನ್ರೀ ಆಸ್ತಿ ಪತ್ರಕ್ಕೆ ಹಾಕಿದ ಹಾಗೆ?" ಎಂದ.

ಬೆಳಿಗ್ಗೆ ಚಪ್ಪಲಿ ಹಾಕುವ ಮುಂಚೆ ಇವಳು ನನ್ನ ಪಾದಗಳನ್ನು ತಿರುಗಿಸಿ ನೋಡುತ್ತಾಳೆ. ಡಾಕ್ಟರು ಹೇಳಿದ್ದು. ಹೊಸ ಚಪ್ಪಲಿಗೆ ಹಿಂದೆ ಪಟ್ಟಿ ಇದೆ. ಇವತ್ತು ಅವಳ ದಾರದ ಉಂಡೆ ವಾಪಸ್ಸು ಕೊಟ್ಟೆ. ಇದೆಲ್ಲಿತ್ತು, ಮನೆಯೆಲ್ಲಾ ಹುಡುಕಿದೆನಲ್ಲ ಎಂದಳು. ವರ್ಕ್‌ಶಾಪಿನಲ್ಲಿ ಬೇಕಿತ್ತು, ಈಗ ಬೇಡ ಎಂದೆ.

ಬಾಗಿಲು ತೆರೆಯುವ ಹೊತ್ತಿಗೆ ಕ್ರೇನ್ ಲಾರಿ ನಮ್ಮ ಬೀದಿಯಲ್ಲೇ ಹೋಗುತ್ತದೆ. ಎಲ್ಲೋ ಯಾರೋ ಬಿದ್ದಿರುತ್ತಾರೆ. ಇವತ್ತೂ ಹೋಯಿತು. ಎಂಜಿನ್ ಇನ್ನೂ ತಣ್ಣಗಿತ್ತು, ಕುಟ್ಟುತ್ತಲೇ ಹೋಯಿತು. ಮೈಕ್ರೋಮೀಟರ್ ಒರೆಸುತ್ತಿದ್ದ ತಮ್ಮ, ಲಾರಿ ಹೋದದ್ದನ್ನು ಕಂಡು ಹೊರಬಂದು ನನ್ನ ಪಕ್ಕ ನಿಂತ. ನಾನು ಕಿವಿಗೊಟ್ಟು ನಿಂತೆ. ಲಾರಿ ತರಕಾರಿ ಗಾಡಿಯನ್ನು ದಾಟಿತು, ತಿರುವು ದಾಟಿತು. ಏರಿನಲ್ಲಿ ಕುಟ್ಟುವ ಸದ್ದು ಸಣ್ಣಗಾಯಿತು, ಆಮೇಲೆ ನಿಂತಿತು.

"ನಿಲ್ತಾ ಅಣ್ಣ?" ಎಂದು ಕೇಳಿದ.

"ನಿಲ್ತು" ಎಂದೆ.

ಸರಿ ಎಂದು ಒಳಗೆ ಹೋದ.